ಕೈ ಕಟ್ಟಿದರೆ ಬಾರದ ಮಗ್ಗಿ

ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಈ ವಯಸ್ಸಿನಲ್ಲೂ ನನ್ನ ನಾಲಿಗೆ ತಾನಾಗಿ ಹದಿನೇಳರ ಮಗ್ಗಿ ಶುರು ಮಾಡುತ್ತದೆ. ಅದರ ಬೆನ್ನಿಗೇ ಒಂದು ಅಂಜಿಕೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ರೊಟ್ಟಿಯ ಸದ್ದಿಗೆ ಹಸಿಯುವವರನ್ನು ನೀವು ಕಂಡಿದ್ದೀರಿ, ಅಂಜುವವರನ್ನು ಕಂಡಿರಲಿಕ್ಕಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ತೊಂಬತ್ತೆಂಟರ ಸುಮಾರು. ನಾವಾಗ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿದ್ದೆವು. ನಮ್ಮ ಕ್ರೈಸ್ತ ಸಭೆಯ ಪಾಸ್ಟರು ಒಂದು ಏರ್ಪಾಡು ಮಾಡಿದ್ದರು. ಸೋಮವಾರದಿಂದ ಬುಧವಾರದವರೆಗೆ ಪ್ರಾರ್ಥನಾ ಮಂದಿರದಲ್ಲೇ ಶಾಲೆ. ಉಳಿದ ದಿನ ಮನೆಯಲ್ಲಿ ತಾಯಂದಿರೇ ಗುರುಗಳು. "ಅಕ್ಷರ ಯಾರರ ಕಲಸ್ತಾರ್ರಿ, ದೇವರ ಭಯ ತಾಯಿನ ಕಲಸಬೇಕು" ಎನ್ನುವುದು ಅವರ ಮಾತು. ಓಣಿಯವರಿಗೆ ಇದು ಬಗೆಹರಿಯಲಿಲ್ಲ. ಗುರುವಾರ ಕಟ್ಟೆಯ ಮೇಲೆ ನಾನು ಕಂಡರೆ "ಯಾಕವಾ, ಸಾಲಿ ಬಿಟ್ಟೇನು?" ಎಂದು ಕೇಳಿಯೇ ಕೇಳುತ್ತಿದ್ದರು. ನನ್ನದು ಎರಡು ದೋಣಿಯಲ್ಲಿ ಕಾಲಿಟ್ಟವಳ ಸ್ಥಿತಿ.

ಅವ್ವ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ದೊಡ್ಡ ಮಗ್ಗಿಗಳನ್ನು ನನ್ನ ಜೊತೆಗೇ ಕಲಿತಳು. ಬೆಳಿಗ್ಗೆ ಕಣ್ಣು ಮುಚ್ಚಿ ಪ್ರಾರ್ಥನೆ, ಬೈಬಲ್ಲಿನ ಒಂದು ವಾಕ್ಯದ ಬಾಯಿಪಾಠ, ಆಮೇಲೆ ಒಲೆಯ ಮುಂದೆ ಗಣಿತ. ಅವಳದೊಂದು ರೊಟ್ಟಿ, ನನ್ನದೊಂದು ಪುಟ್ಟ ರೊಟ್ಟಿ, ಬಡಿತಕ್ಕೊಂದು ಲೆಕ್ಕ. "ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಲ್ಕು." ನನ್ನ ರೊಟ್ಟಿ ಎಂದೂ ದುಂಡಗಾಗಲಿಲ್ಲ, ಮಗ್ಗಿ ಮಾತ್ರ ತಪ್ಪುತ್ತಿರಲಿಲ್ಲ.

ಸೋಮವಾರ ಬಂತೆಂದರೆ ಪೇಚು. ಮಂದಿರದ ಶಾಲೆಯ ಸರ್ರು ಕುಕನೂರಿನಿಂದ ಬರುವವರು, ಶಿಸ್ತಿನ ಮನುಷ್ಯ. ಕೈ ಕಟ್ಟಿ ನಿಂತೇ ಮಗ್ಗಿ ಒಪ್ಪಿಸಬೇಕು. ಕೈ ಕಟ್ಟಿದೆನೋ, ಕಲಿತದ್ದೆಲ್ಲ ಮಾಯ. "ನಿಮ್ಮವ್ವ ಮನ್ಯಾಗ ಏನ್ ಕಲಸ್ತಾರ?" ಎಂದು ಅವರು ಕೇಳುವಾಗ ನೆಲ ನೋಡುತ್ತ ನಿಲ್ಲುತ್ತಿದ್ದೆ. ಮೂರು ದಿನ ದಡ್ಡಿ, ಉಳಿದ ದಿನ ಜಾಣೆ; ಇಂಥ ವಿದ್ಯಾರ್ಥಿನಿಯನ್ನು ಯಾವ ಗುರು ತಾನೇ ನಂಬಿಯಾರು?

ವರ್ಷದ ಕೊನೆಗೆ ಪಾಸ್ಟರು ಕಟ್ಟುನಿಟ್ಟಾಗಿ ಹೇಳಿದರು: ಬಾಯಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ಮನೆಯಲ್ಲಿ ಬಿಡುವುದಿಲ್ಲ, ಬಳ್ಳಾರಿ ಕಡೆಯ ಒಂದು ಹಾಸ್ಟೆಲ್ಲಿಗೆ ಕಳಿಸುವುದು. ಅಪ್ಪ ಹೂಂ ಎಂದುಬಿಟ್ಟ. ಅಂದಿನಿಂದ ಅವ್ವನ ಪ್ರಾರ್ಥನೆ ಉದ್ದವಾಯಿತು, ನನ್ನ ಊಟ ಕಡಿಮೆಯಾಯಿತು. ಅವ್ವನಿಲ್ಲದ ಊರಿನಲ್ಲಿ ಮಲಗುವುದು ಹೇಗೆಂದು ಯೋಚಿಸಿ ಯೋಚಿಸಿ ಜ್ವರವೇ ಬಂತು.

ಪರೀಕ್ಷೆಯ ದಿನ ತಾಯಂದಿರು ಬಾಗಿಲ ಬಳಿ ಚಾಪೆಯ ಮೇಲೆ ಕುಳಿತಿದ್ದರು. ಸರ್ರು ಹದಿನೇಳರ ಮಗ್ಗಿಯನ್ನೇ ಕೇಳಿದರು. ಕೈ ಕಟ್ಟಿ ನಿಂತೆ. ಹದಿನೇಳೊಂದ್ಲೆ ಹದಿನೇಳು, ಮುಂದಿನದು ಬರಲಿಲ್ಲ. ಸರ್ರು ಕಾದರು. ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಅವ್ವ ಎದ್ದು ನಿಂತಳು.

"ಸರ್ರ, ತಪ್ಪ ತಿಳಿಬ್ಯಾಡ್ರಿ. ಆಕಿಗೆ ಕೈ ಬಿಡಾಕ ಹೇಳ್ರಿ. ನಾವು ರೊಟ್ಟಿ ಬಡಕೋತ ಕಲ್ತೀವಿ."

ಮಕ್ಕಳು ನಕ್ಕರು. ಸರ್ರು ನಗಲಿಲ್ಲ. ಮೇಜು ತೋರಿಸಿ, "ಬಡಿಯವಾ, ನೋಡೂಣು" ಎಂದರು. ಬಡಿದೆ. ಮೇಜಿನ ಮೇಲಿನ ನೀರಿನ ಲೋಟ ಕುಣಿಯತೊಡಗಿತು. ಪಾಸ್ಟರು ಅದನ್ನು ಎತ್ತಿ ಹಿಡಿದುಕೊಂಡರು. ನೂರಾ ಎಪ್ಪತ್ತಕ್ಕೆ ಹೋಗಿಯೇ ನಿಂತೆ. ಹಾಸ್ಟೆಲ್ ತಪ್ಪಿತು.

ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಇವತ್ತು ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಮೊದಲ ಸಲ ಕೇಳಿದೆ: "ಯವ್ವಾ, ಅವತ್ತ ನಾ ಹಾಸ್ಟೆಲ್ಲಿಗೆ ಹೋಗ್ತೀನಂತ ಭಾಳ ಅಂಜಿದ್ದೇನು?"

ಅವ್ವ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡಳು.

"ಅದು ಇತ್ತು ಬಿಡು. ಆದ್ರ ಎದ್ದು ನಿಂತ ಮ್ಯಾಲ ಬ್ಯಾರೆ ಅಂಜಿಕಿ ಬಂತು. ಹಂಗಾರ ನೀವ ಮಗ್ಗಿ ಹೇಳ್ರಿ ಅಂತ ಸರ್ರು ನನಗ ಅಂದಿದ್ರ? ಅಷ್ಟ ಮಂದಿ ಮುಂದ ನನಗ ಬರತಿದ್ದಿಲ್ಲವಾ. ಇಂಥಾಕಿ ಏನ್ ಕಲಸ್ತಾಳ ಅಂತ ನಿನ್ನ ಕಸಗೊಂಡ ಬಿಡತಿದ್ರು."

ಇಷ್ಟು ವರ್ಷ ಆ ಪರೀಕ್ಷೆ ನನ್ನದೆಂದೇ ತಿಳಿದು, ಪಾಸಾದ ಕಥೆಯನ್ನು ಕಂಡಕಂಡವರಿಗೆಲ್ಲ ಜಂಬದಿಂದ ಹೇಳಿಕೊಂಡು ಬಂದಿದ್ದೆ. ಅವ್ವನ ಕೈ ಹಿಡಿದುಕೊಂಡೆ, ಬಿಡಲು ಮನಸ್ಸಾಗಲಿಲ್ಲ.