ಆಯಿ ಕೇಳಿದ ಖೂನ

ಮದುವೆ ಮಾತುಕತೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದವರನ್ನು ನೋಡಿದ್ದೀರಾ? ಕಳೆದ ಭಾನುವಾರ ನಾನು ಹೋಗಿದ್ದೆ.

ಹುಮನಾಬಾದಿನ ಸವಿತಾ ಚಿಕ್ಕವಳಿದ್ದಾಗ ರಕ್ತದ ಕ್ಯಾನ್ಸರಿಗೆ ನನ್ನ ವಾರ್ಡಿನಲ್ಲಿದ್ದಳು. ಪೂರ್ತಿ ಗುಣವಾಗಿ ಈಗ ಊರಲ್ಲೇ ಟೀಚರ್. ಬಸವಕಲ್ಯಾಣದಿಂದ ಸಂಬಂಧ ಬಂದಿದೆ, ಅವಳಿಗೆ ಹುಡುಗ ತುಂಬ ಹಿಡಿಸಿದ್ದಾನೆ. ಹಳೆಯ ಕಾಯಿಲೆಯ ವಿಷಯ ತಾನೇ ಹೇಳಿದ್ದಾಳೆ (ಮುಚ್ಚಿಡು ಅಂದ ನೆಂಟರಿಗೆ ಸರಿಯಾಗಿ ಬೈದು). ಹುಡುಗ ಒಪ್ಪಿದ. ಅವನ ಆಯಿ, ಅಂದರೆ ಅಜ್ಜಿ, ಮಾತ್ರ ಪಟ್ಟು ಹಿಡಿದರು: 'ಆ ಡಾಕ್ಟರ್‌ಬಾಯಿಗೆ ಕರೀರಿ. ಹುಡುಗಿ ಖೂನ ಕೇಳಬೇಕು.' ಆಯಿ ಒಲ್ಲೆ ಅಂದರೆ ಮದುವೆಯಿಲ್ಲ.

ಖೂನ್ ಅಂದರೆ ರಕ್ತ ತಾನೇ? ಜನ್ಮವಿಡೀ ಓದಿದ್ದು ಅದನ್ನೇ. ಸಂಶೋಧನೆ ಅದರದ್ದೇ, ಪಾಠವೂ ಅದೇ. ಸವಿತಾಳ ಮನೆಯ ಪಡಸಾಲೆಯಲ್ಲಿ ಸ್ಲೈಡ್ ಹಾಕಿ ಶುರುಮಾಡಿದೆ. ಬಿಳಿ ರಕ್ತಕಣ, ಅಸ್ಥಿಮಜ್ಜೆ, ಕೀಮೋ. ಚಹಾ ಆರಿತು. ಭಜಿ ಮೆತ್ತಗಾದವು. ನಾನು ನಿಲ್ಲಿಸಲಿಲ್ಲ. (ಪಾಠ ಮಾಡುವ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?)

ಆಯಿ ಕೊನೆತನಕ ಕೇಳಿ ಮೆಲ್ಲಗೆ ಅಂದರು: 'ಭಾಳ ಛಲೋ ಹೇಳಿದ್ರಿ. ಖರೆ ನಾ ರಕ್ತದ್ದು ಕೇಳಿಲ್ರಿ. ಹುಡುಗಿದು ಖೂನ ಅದ ಏನ್ರಿ ನಿಮಗ?'

ಅಯ್ಯೋ ದೇವರೇ! ಉರ್ದುವಿನ ಖೂನ್ ಅಂದರೆ ರಕ್ತ. ನಮ್ಮ ಕಡೆಯ ಖೂನ ಅಂದರೆ ಗುರುತು, ಪರಿಚಯ. ಇದೇ ಹುಮನಾಬಾದಿನಲ್ಲಿ ಹುಟ್ಟಿ ಬೆಳೆದವಳು ನಾನು, ಮರೆಯುವುದೇ? ಹುಡುಗಿ ಎಂಥವಳು ಅಂತ ಕೇಳಿದರೆ ಅವಳ ಪ್ಲೇಟ್‌ಲೆಟ್ ಹೇಳುತ್ತ ಕೂತಿದ್ದೆ.

ಲ್ಯಾಪ್‌ಟಾಪ್ ಮುಚ್ಚಿದೆ. ಕೀಮೋಗೆ ಕೂದಲು ಉದುರಿದಾಗ ಈ ಹುಡುಗಿ ತನ್ನ ಕೆಂಪು ರಿಬ್ಬನ್ನನ್ನು ನನ್ನ ಸ್ಟೆಥಾಸ್ಕೋಪಿಗೆ ಕಟ್ಟಿ, ಜಡೆ ಬರುವತನಕ ಜೋಪಾನ ಅಂದಿದ್ದಳು. ಹಾಗೇ ಕ್ಲಾಸಿಗೆ ಹೋಗುತ್ತಿದ್ದೆ. ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಿದ್ದರು, ನಗಲಿ ಬಿಡಿ. ವಾರ್ಡಿಗೆ ಹೊಸ ಮಗು ಬಂದರೆ ಇವಳು ಪಕ್ಕ ಕೂತು, ಸೂಜಿ ಚುಚ್ಚುವಾಗ ಡಾಕ್ಟರಿಗೆ ಯಾವ ಬೈಗುಳ ಬೈದರೆ ನೋವು ಕಡಿಮೆ ಅಂತ ಕಲಿಸುತ್ತಿದ್ದಳು. ಎಲ್ಲ ಹೇಳಿದೆ.

ಬೈಗುಳ ಕೇಳಿ ಆಯಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಖೂನ ಸಿಕ್ತು, ನಮ್ಮ ಮನಿಗೆ ಬರ್ಲಿ ಅಂದರು. ಯಾವ ಪ್ರಶಸ್ತಿ ಬಂದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಅಷ್ಟರಲ್ಲಿ ಸವಿತಾ ಕೇಳಿದಳು: 'ಆಯಿ, ನಂದು ಖೂನ ಆಯ್ತು. ನಿಮ್ಮ ಮೊಮ್ಮಗಂದು ಯಾರು ಹೇಳ್ತಾರ್ರಿ?'