ಪಟೇಲನ ಟಗರು, ಪಟೇಲನ ನಾಲ್ಕು ಹೆಣ್ಣುಮಕ್ಕಳು

1944ರಲ್ಲಿ ನಾನು ನಾರಾಯಣಖೇಡದ ಪಶು ದವಾಖಾನೆಯಲ್ಲಿ ವೆಟರ್ನರಿ ಅಸಿಸ್ಟೆಂಟ್ ಆಗಿದ್ದೆ. ನಿಜಾಮ್ ಸರಕಾರದ ನೌಕರಿ. ಕಾಗದಪತ್ರವೆಲ್ಲ ಉರ್ದುವಿನಲ್ಲಿ, ರೋಗಿಗಳೆಲ್ಲ ಮೂಕರು. ಆ ಮೂಕರ ಬಗ್ಗೆ ನನಗೆ ಎಂದೂ ಬೇಸರ ಬಂದಿಲ್ಲ. ಅವರ ಮಾಲಕರ ಬಗ್ಗೆ ಅದೇ ಮಾತು ಹೇಳಲಾರೆ.

ಆ ಚಳಿಗಾಲದಲ್ಲಿ ನಾಗಲಗಿದ್ದದ ಕಡೆಯ ಒಂದು ಹಳ್ಳಿಯ ಪಟೇಲ ಗುರುಪಾದಪ್ಪ ನನಗೆ ಬಂಡಿ ಕಳಿಸಿದ. ಅವನ ಟಗರಿನ ಗೊರಸು ಕೊಳೆತಿತ್ತು. ಅಂಗಳದಲ್ಲಿ ಟಗರಿಗೆ ಗೋಣಿ ಹಾಸಿ, ಮುಂದೆ ನೆನೆಸಿದ ಕಡಲೆ ಇಟ್ಟಿದ್ದರು. ಹತ್ತು ಹೆಜ್ಜೆ ಆಚೆ ಪಟೇಲನ ಹೆಂಡತಿ ಈರಮ್ಮ ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬರಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳು, ಒಂದು ಬಟ್ಟೆಗಂಟು. ನಾಲ್ಕನೆಯದೂ ಹೆಣ್ಣಾಯಿತೆಂದು ಅವಳನ್ನು ನಾನು ಹೋದ ದಿನವೇ ತವರಿಗೆ ಅಟ್ಟಿ, ಮುಂದಿನ ವಾರ ಬೇರೆ ಮದುವೆ ಮಾಡಿಕೊಳ್ಳುವವನಿದ್ದ ಪಟೇಲ. ಇದನ್ನು ಅವನೇ ಹೇಳಿದ, ಹಳೇ ಚಪ್ಪಲಿ ಬದಲಿಸುವ ಸುದ್ದಿ ಹೇಳಿದಷ್ಟು ಸಲೀಸಾಗಿ.

ನಾನು ಗೊರಸಿನ ಕೊಳೆತ ಭಾಗ ಕೆತ್ತಿ ಮೈಲುತುತ್ತದ ನೀರಿನಲ್ಲಿ ಅದ್ದುತ್ತಿದ್ದಾಗ ಅವನ ಬಡಾಯಿ ಶುರುವಾಯಿತು.

"ಈ ಟಗರಿನ ತಾಕತ್ ಏನ್ ಹೇಳ್ಲಿ ಡಾಕ್ಟರ್ ಸಾಬ್! ಹೋದ ಸರ್ತಿ ಮೂವತ್ತು ಮರಿ ಆದ್ವು, ಅದ್ರಾಗ ಹತ್ತೊಂಬತ್ತು ಹೆಣ್ಣು. ಹಿಂಡು ಬೆಳಸೋದಂದ್ರ ಹಿಂಗ!"

"ಮರಿ ಹಾಕಿದ್ದು ಕುರಿ. ಟಗರಿನ ತಾಕತ್ ಹ್ಯಾಂಗಾತು?" ಎಂದೆ.

"ಬೀಜ ಅದರ್ದಲ್ಲೇನ್ರಿ?"

"ಹಾಂಗಾದ್ರ ನಿಮ್ಮ ಮನ್ಯಾಗಿನ ಬೀಜ ಯಾರ್ದು?"

ನಾನು ಅಷ್ಟಕ್ಕೇ ಬಿಡಲಿಲ್ಲ. ಜೀವಕೋಶದಲ್ಲಿ ಕ್ರೋಮೋಸೋಮ್ ಎಂಬ ದಾರದಂಥ ವಸ್ತುಗಳಿವೆ; ಅವುಗಳಲ್ಲಿ ಒಂದು ಜೋಡಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುತ್ತದೆ. ಕುರಿಗಾಗಲಿ ಹೆಂಗಸಿಗಾಗಲಿ ಆ ಜೋಡಿಯ ಎರಡೂ ಎಕ್ಸ್. ತಾಯಿ ಎಕ್ಸ್ ಬಿಟ್ಟು ಬೇರೆ ಕೊಡಲಾರಳು. ಟಗರಿಗೂ ಗಂಡಸಿಗೂ ಒಂದು ಎಕ್ಸ್, ಒಂದು ವೈ. ಎಕ್ಸ್ ಹೋದರೆ ಹೆಣ್ಣು, ವೈ ಹೋದರೆ ಗಂಡು. ಯಾವುದು ಹೋಗುತ್ತದೆಂಬುದು ಯಾರ ಕೈಯಲ್ಲೂ ಇಲ್ಲ. ಹತ್ತೊಂಬತ್ತು ಹೆಣ್ಣುಮರಿಗಳೂ ಟಗರಿನ ಪರಾಕ್ರಮವಲ್ಲ, ಬರೀ ಆಕಸ್ಮಿಕ.

ಪಟೇಲನ ಕಣ್ಣಿಗೆ ಅಂಗಳದ ಕೋಳಿ ಬಿತ್ತು. "ಕೋಳ್ಯಾಗೂ ಹಿಂಗೇ ಏನ್ರಿ?"

ಸುಮ್ಮನಿರಬಹುದಿತ್ತು. ಆದರೆ ಓದಿದವನ ಚಟ, ಪೂರ್ತಿ ಪಾಠ ಒಪ್ಪಿಸಿದೆ. ಹಕ್ಕಿಗಳಲ್ಲಿ ತಿರುವುಮುರುವು, ಹುಂಜದ ಜೋಡಿ ಒಂದೇ ಥರ, ಎರಡೂ ಝಡ್. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಮರಿ ಯಾವುದಾಗುತ್ತದೆಂಬುದು ಹೇಂಟೆಯ ಮೊಟ್ಟೆಯಿಂದಲೇ ತೀರ್ಮಾನ.

ಪಟೇಲ ತೊಡೆ ತಟ್ಟಿದ. "ನೋಡ್ರಿ, ಹೆಣ್ಣಿಂದೇ ತಪ್ಪು ಅಂತ ನೀವೇ ಹೇಳಿದ್ರಿ. ಆತು, ಮುಗೀತು!"

ಇಂಥ ತಲೆಗೆ ಪಟೇಲಗಿರಿ ಕೊಟ್ಟ ಸರಕಾರ ಮೂರ್ಖವೋ, ಅದರ ಮುಂದೆ ವಿಜ್ಞಾನದ ಗಂಟು ಬಿಚ್ಚಿದ ನಾನೋ, ಇವತ್ತಿಗೂ ತಿಳಿದಿಲ್ಲ.

ಈರಮ್ಮ ಎದ್ದು ನಿಂತಳು. "ನಾ ಕುರಿ ಆಗಿದ್ರ ಚಲೋ ಇತ್ತು. ನಾಕು ಹೆಣ್ಣು ಹಡದದ್ದಕ್ಕ ಹಿಂಡಿ ಹಾಕ್ತಿದ್ರು," ಎಂದಳು.

ಎರಡು ಸಲ ಬಂಡಿ ಕಟ್ಟುವುದು ದಂಡವೆಂದು ಪಟೇಲ ನನ್ನನ್ನೂ ಈರಮ್ಮನನ್ನೂ ಮಕ್ಕಳನ್ನೂ ಒಂದೇ ಬಂಡಿಗೆ ಹತ್ತಿಸಿದ. ನಾರಾಯಣಖೇಡದಿಂದ ಅವಳು ಮುಂದೆ ಜಹೀರಾಬಾದಿನ ಕಡೆ ತವರಿಗೆ ಹೋಗಬೇಕಿತ್ತು. ಬಾಣಂತಿಯ ಕೆಳಗೆ ಹಾಸಲು ಒಂದು ಗೋಣಿಯನ್ನೂ ಆ ಮಹಾನುಭಾವ ಕೊಡಲಿಲ್ಲ.

ದಾರಿಯಲ್ಲಿ ನಾನೇ ಬಾಯಿಬಿಟ್ಟೆ. "ಕೋಳಿ ಮಾತು ಎತ್ತಬಾರದಾಗಿತ್ತವ್ವ, ತಪ್ಪಾತು."

"ಅದಿರಲ್ರಿ. ಎಕ್ಸು ವೈ ಅಂದ್ರಲ್ಲ, ಅದು ಖರೇನ್ರಿ?"

"ಖರೇನವ್ವ."

"ಹಾಂಗಾದ್ರ ಇನ್ನೊಮ್ಮೆ ಜೋರಾಗಿ ಹೇಳ್ರಿ. ಈ ಹುಡುಗ್ಯಾರು ಕೇಳ್ಬೇಕು. ಕೂಸು ಹುಟ್ಟಿದ್ದಕ್ಕೇ ಅವ್ವನ ಮನಿ ಹೋತು ಅಂತ ತಿಳ್ಕೊಂಡಾರ."

ಹೇಳಿದೆ. ಎಂಟು ವರ್ಷದ ದೊಡ್ಡ ಹುಡುಗಿ ಎರಡು ಸಲ ಹೇಳಿಸಿಕೊಂಡಳು. ಅಲ್ಲಿಯವರೆಗೆ ಕೂಸಿನ ಕಡೆ ತಿರುಗಿಯೂ ನೋಡದವಳು, ಕೈ ಚಾಚಿ ಅದನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡಳು.

ತಿಳಿದದ್ದನ್ನು ಮೊದಲು ಯಾರಿಗೆ ಹೇಳಬೇಕೆಂದು ನೌಕರಿ ನನಗೆ ಕಲಿಸಿದ್ದು ಆ ಬಂಡಿಯಲ್ಲಿ. ಒಪ್ಪಬಾರದೆಂದು ಕೂತವರ ಅಂಗಳದಲ್ಲಿ ನಾನು ಮತ್ತೆಂದೂ ಗಂಟಲು ಹರಿದುಕೊಳ್ಳಲಿಲ್ಲ.