ಚಿಪ್ಪಿನ ಕೆಳಗಿನ ಎಡೆ

ಗೆಳೆಯರೇ, ಇವತ್ತು ನಮ್ಮ ಮನೆಯ ಕಾಗೆ ಪಾಠ ಪಕ್ಕದ ಮನೆಯ ತಿಥಿಗೆ ಅಡ್ಡ ಬಂತು.

ಮೂರು ಮಕ್ಕಳಿಗೂ ಮನೆಯಲ್ಲೇ ಪಾಠ ಹೇಳುವ ನನ್ನನ್ನು ಮದ್ದೂರಿನವರು ಅರೆಹುಚ್ಚಿ ಎಂದೇ ತಿಳಿದಿದ್ದಾರೆ. ಒಂದು ತಿಂಗಳಿಂದ ನಾವು ಹಿತ್ತಿಲಿನ ಕಾಗೆಗಳ ಬುದ್ಧಿ ಪರೀಕ್ಷಿಸುತ್ತಿದ್ದೆವು. ನಾಲ್ಕು ವರ್ಷದ ಪುಟ್ಟಿ ಅನ್ನದ ಮೇಲೆ ತೆಂಗಿನ ಚಿಪ್ಪು ಬೋರಲು ಹಾಕುತ್ತಾಳೆ, ಎಂಟರ ಕಿಟ್ಟಿ ಎಣಿಸುತ್ತಾನೆ, ಹನ್ನೆರಡರ ಸುಮ ಬರೆದುಕೊಳ್ಳುತ್ತಾಳೆ. ಚಿಪ್ಪು ತಳ್ಳಿ ತಿನ್ನಲು ಕಲಿತ ಕಾಗೆಗಳು ಈಗ ಚಿಪ್ಪು ಮುಚ್ಚದ ಅನ್ನವನ್ನು ಮೂಸಿಯೂ ನೋಡುವುದಿಲ್ಲ.

ಪಕ್ಕದ ಮನೆಯ ನಿಂಗೇಗೌಡರು ಇವತ್ತು ತೀರಿಹೋದ ತಮ್ಮ ಅಪ್ಪನಿಗೆ ಹಿತ್ತಿಲ ಕಟ್ಟೆಯ ಮೇಲೆ ಎಡೆ ಇಟ್ಟರು. ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಮಧ್ಯಾಹ್ನದ ರೇಡಿಯೊ ವಾರ್ತೆ ಮುಗಿದರೂ ಕಾಗೆಗಳು ನಮ್ಮ ಹೆಂಚಿನ ಮೇಲೆ ಕೂತು ಪುಟ್ಟಿಯನ್ನೇ ನೋಡುತ್ತಿದ್ದವು.

"ಅಪ್ಪೋ, ಬೀಡಿ ಬುಟ್ಬುಡ್ತೀನಿ, ಬಾ" ಎಂದರು ಗೌಡರು. ಒಂದೂ ಕದಲಲಿಲ್ಲ.

"ಇಸ್ಪೀಟೂ ಬುಡ್ತೀನಿ!"

ಕೊನೆಗೆ, ಹಸಿದ ನೆಂಟರೆಲ್ಲರ ಎದುರಿಗೇ, "ತಂಗಿಗೆ ಕಾಲುವೆ ಕೆಳಗಿನ ಗದ್ದೆ ಕೊಡ್ತೀನಿ ಕಣಪ್ಪೋ!" ಎಂದುಬಿಟ್ಟರು.

ಅಷ್ಟರಲ್ಲಿ ಪುಟ್ಟಿ ನೆಂಟರ ಕಾಲುಗಳ ನಡುವೆ ನುಸುಳಿ ಎಡೆಯ ಅನ್ನದ ಮೇಲೆ ಚಿಪ್ಪು ಬೋರಲು ಹಾಕಿದಳು. ದೊಡ್ಡ ಕಾಗೆಯೊಂದು ಹಾರಿ ಬಂತು, ಚಿಪ್ಪು ತಳ್ಳಿತು, ತಿಂದಿತು.

ಗೌಡರು ಕಣ್ಣೊರೆಸಿಕೊಂಡರು. "ನಮ್ಮಪ್ಪನೇ ಕಣಮ್ಮ! ಇದ್ದಾಗ್ಲೂ ಅಷ್ಟೇಯ, ಅವ್ವ ಮುಚ್ಚಿಟ್ಟಿದ್ದನ್ನೇ ಉಡುಕ್ಕೊಂಡು ತಿಂತಿದ್ದ."

ಸುಮಳ ನೋಟ್ ಪುಸ್ತಕವನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದ್ದೇನೆ. ಗದ್ದೆ ಆ ತಂಗಿಯ ಹೆಸರಿಗೆ ರಿಜಿಸ್ಟ್ರಿ ಆಗುವವರೆಗೂ ನಮ್ಮ ಮನೆಯಲ್ಲಿ ಕಾಗೆ ಪಾಠ ನಡೆದೇ ಇಲ್ಲ.